ಮನೆಯೊಳಗಣ ರೈಲುಮಾರ್ಗ: ರಚನೆಯೂ ಪರಿಷ್ಕರಣವೂ

ದೊಡ್ಡ ವಸ್ತುವನ್ನು ಚಿಕ್ಕದಾಗಿ ಮಾಡಿ ಕಣ್ಣಳವಿಗೆ ತಂದುಕೊಳ್ಳುವ ಬಯಕೆ ಮನುಷ್ಯನಲ್ಲಿ ಸಹಜವಾಗಿಯೇ ಇದೆ. ಜಾತ್ರೆಯಲ್ಲಿ ತೇರನ್ನು ಕಂಡ ಮಗು ಮನೆಗೆ ಬಂದೊಡನೆ ಗಾಲಿಯ ಹಲಗೆಯೊಂದಕ್ಕೆ ಹಗ್ಗ ಕಟ್ಟಿ ಎಳೆಯತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿ ಓಡಲಾರಂಭಿಸಿದ ಮೇಲೆ ಈ ಬಯಕೆಗೆ ಹೊಸದೊಂದು ವಸ್ತು ದೊರೆಯಿತು. ೧೮೯೧ರಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯವರು ಲೈಪ್‌ಜಿಗ್ ನಗರದ ವ್ಯಾಪಾರಮೇಳದಲ್ಲಿ, ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ, ಕೀಲಿಕೊಡುವ ರೈಲನ್ನು ಪ್ರದರ್ಶಿಸಿದರು. ಅಳತೆ ನಿಯತವಾದುದರಿಂದ, ಒಮ್ಮೆ ಕೊಂಡ ಹಳಿಗೆ ಮತ್ತಷ್ಟು ಹಳಿಗಳನ್ನು ಜೋಡಿಸುತ್ತ ಹೋಗುವುದು ಸಾಧ್ಯವಾಯಿತು. ಮನೆಯಲ್ಲಿ ರೈಲುಮಾರ್ಗವನ್ನು ಕಟ್ಟಿ ಬೆಳೆಸುವ ಹವ್ಯಾಸಕ್ಕೆ ಇದು ಒಂದು ಮುಖ್ಯವಾದ ಆರಂಭ.

ಆಟಿಕೆಗೂ ಮಾದರಿಗೂ ಇರುವ ಭೇದವನ್ನು ಮೊದಲು ಮನಗಾಣಬೇಕು. ಆಟಿಕೆಯ ರೈಲು ಸುತ್ತುಹಳಿಯ ಮೇಲೆ ತಿರುಗುತ್ತಿದ್ದರೆ ಸಾಕು, ಮಗು ನಲಿಯುತ್ತದೆ. ಮಾದರಿಯ ರೈಲಾದರೋ ಒಂದೂರಿನಿಂದ ಹೊರಟು ಇನ್ನೊಂದೂರನ್ನು ಸೇರಬೇಕು. ಅದಕ್ಕೆ ಹೊತ್ತುಗೊತ್ತು ಇರಬೇಕು, ಹೇರು ಇರಬೇಕು, ಹೋಗುವ ದಾರಿಯಲ್ಲಿ ಗುಡ್ಡ, ಹಳ್ಳ, ಸೇತುವೆಗಳಿರಬೇಕು. ಆಗ ಮಾತ್ರ ನೋಡುವವನಿಗೆ ಅದು ಒಂದು ನಾಡಿನ ತುಣುಕೆಂದು ತೋರುತ್ತದೆ. ಈ ವಿದ್ಯೆಯ ಲಕ್ಷಣಗಳನ್ನು ತಿಳಿಯಲು ಇಬ್ಬರ ಕೃತಿಗಳು ಉತ್ತಮ ಲಕ್ಷ್ಯಗಳಾಗಿವೆ. ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮಾಂಟೆರೆ ಪಟ್ಟಣದಲ್ಲಿ ನೆಲೆಸಿದ್ದ ಛಾಯಾಗ್ರಾಹಕ ಜಾನ್ ಆಲನ್ (೧೯೧೩–೧೯೭೩). ಮತ್ತೊಬ್ಬರು ಇಂಗ್ಲೆಂಡಿನ ಕ್ರೈಸ್ತ ಪಾದ್ರಿ ಪೀಟರ್ ಡೆನಿ. ಇವರು ೨೦೦೯ರಲ್ಲಿ ಗತಿಸಿದರು. ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿಯೇ, ದಶಕಗಳ ಕಾಲ, ಒಂದೇ ಮಾರ್ಗವನ್ನು ಕಟ್ಟುತ್ತ ತಿದ್ದುತ್ತ ಬಾಳಿದವರು.

ಪ್ರಮಾಣವಿಚಾರ

ನಮ್ಮ ಶಿಲ್ಪಶಾಸ್ತ್ರದಲ್ಲಿ ತಾಲಮಾನವೆಂಬ ಪದ್ಧತಿಯುಂಟು. ಮುಖದ ಉದ್ದವನ್ನು ಒಂದು ತಾಲವೆಂದು ಇಟ್ಟುಕೊಂಡು, ವಿಗ್ರಹದ ಉಳಿದ ಅವಯವಗಳ ಅಳತೆಯನ್ನು ಅದರಿಂದಲೇ ಪಡೆಯುತ್ತಾರೆ. ಮಾದರಿ ರೈಲಿನಲ್ಲಿಯೂ ಅಂತಹದೇ ಪ್ರಮಾಣನಿಯಮವಿದೆ. ಜಗತ್ತಿನಲ್ಲಿ ಅತ್ಯಂತ ಪ್ರಚಲಿತವಾದುದು ‘ಎಚ್.ಓ.’ ಎಂಬ ಪ್ರಮಾಣ. ಇದರಲ್ಲಿ ನಿಜವಾದ ಒಂದು ಅಡಿಯು ೩.೫ ಮಿಲಿಮೀಟರ್ ಆಗುತ್ತದೆ. ಎಂದರೆ ವಸ್ತುವು ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಯೂರೋಪು ಅಮೆರಿಕಗಳ ೧೪೩೫ ಮಿಲಿಮೀಟರ್ ಅಗಲದ ರೈಲುಹಳಿ ಹೀಗೆ ಇಳಿದಾಗ ೧೬.೫ ಮಿಲಿಮೀಟರ್ ಆಗುತ್ತದೆ. ಸ್ಥಳ ತೀರ ಕಡಿಮೆಯಿದ್ದವರು ಆರಿಸಿಕೊಳ್ಳುವ ‘ಎನ್’ ಪ್ರಮಾಣದಲ್ಲಿ ಹಳಿಯ ಅಗಲ ೯ ಮಿಲಿಮೀಟರ್ ಮಾತ್ರ.

ಇಲ್ಲಿ ಒಂದು ತೊಡಕು ಇದೆ. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಹಿಂದಿನ ಕಾಲದ ವಿದ್ಯುತ್ ಮೋಟರುಗಳು ಅವುಗಳ ಮಾದರಿಯ ಒಡಲಿನಲ್ಲಿ ಹಿಡಿಸುತ್ತಿರಲಿಲ್ಲ. ಆದುದರಿಂದ ಅಲ್ಲಿಯವರು ಎಂಜಿನ್ನಿನ ಒಡಲನ್ನು ಅಡಿಗೆ ೪ ಮಿಲಿಮೀಟರಿನಂತೆ ಹಿಗ್ಗಿಸಿದರು. ಹಳಿಯನ್ನು ಮಾತ್ರ ೧೬.೫ ಮಿಲಿಮೀಟರಿನಲ್ಲಿಯೇ ಉಳಿಸಿಕೊಂಡರು. ಪರಿಣಾಮವಾಗಿ ಬಂಡಿ ದೊಡ್ಡದು, ದಾರಿ ಕಿರಿದು. ಬಲ್ಲವರ ಕಣ್ಣಿಗೆ ಇದು ಛಂದೋಭಂಗದಂತೆ ಚುಚ್ಚುತ್ತದೆ. ಪೀಟರ್ ಡೆನಿಯವರು ಈ ದೋಷವನ್ನು ಒಪ್ಪದೆ ೧೮ ಮಿಲಿಮೀಟರಿನ ಹಳಿಯನ್ನು ಆರಿಸಿಕೊಂಡರು. ಅಂತಹ ಹಳಿ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತಿರಲಿಲ್ಲವಾದುದರಿಂದ ತಮ್ಮ ಕೈಯಿಂದಲೇ ಮಾಡಿಕೊಂಡರು.

ಭಾರತದ ರೈಲನ್ನು ಮಾದರಿಯಾಗಿ ಇಟ್ಟುಕೊಳ್ಳುವವರಿಗೂ ಈ ಪ್ರಶ್ನೆ ಎದುರಾಗುತ್ತದೆ. ನಮ್ಮ ಬ್ರಾಡ್‌ಗೇಜ್ ೧೬೭೬ ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ೧೯.೩ ಮಿಲಿಮೀಟರಿಗೆ ಸಮೀಪ. ಸಿದ್ಧಹಳಿಯನ್ನು ಬಳಸಿದರೆ ಸುಮಾರು ಮೂರು ಮಿಲಿಮೀಟರಿನಷ್ಟು ಕೊರತೆ ಬೀಳುತ್ತದೆ. ಮೀಟರ್‌ಗೇಜಾದರೆ ೧೧.೫ ಮಿಲಿಮೀಟರ್ ಬರುವುದರಿಂದ, ಯೂರೋಪಿನಲ್ಲಿ ತಯಾರಾಗುವ ೧೨ ಮಿಲಿಮೀಟರಿನ ಹಳಿ ಬಹುಮಟ್ಟಿಗೆ ಒಪ್ಪುತ್ತದೆ. ಯಾವುದನ್ನು ಆರಿಸಿಕೊಂಡರೂ ಆರಂಭದಲ್ಲಿಯೇ ನಿರ್ಧರಿಸಬೇಕು; ಅರ್ಧ ಕಟ್ಟಿದ ಮೇಲೆ ಪ್ರಮಾಣವನ್ನು ಬದಲಿಸಲಾಗದು.

ಸ್ಥಳವಿಚಾರ

ಪ್ರಮಾಣ ನಿಶ್ಚಯವಾದ ಮೇಲೂ ನಿಜವನ್ನು ಇಡಿಯಾಗಿ ಇಳಿಸಲು ಮನೆ ಸಾಲದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಟ್ಟದ ಮಾರ್ಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಸುಮಾರು ೫೫ ಕಿಲೋಮೀಟರ್ ಉದ್ದ. ಅದರಲ್ಲಿ ೫೭ ಸುರಂಗಗಳಿವೆ. ಎಂಬತ್ತೇಳರಲ್ಲಿ ಒಂದಕ್ಕೆ ಇಳಿಸಿದರೂ ೬೩೦ ಮೀಟರಿಗಿಂತ ಹೆಚ್ಚಿನ ಉದ್ದ ಬೇಕಾಗುತ್ತದೆ. ಹತ್ತು ಬೋಗಿಗಳ ಒಂದು ಗಾಡಿಯೇ ಎಂಜಿನ್ನೂ ಸೇರಿ ಎರಡೂವರೆ ಮೀಟರನ್ನು ಮೀರುತ್ತದೆ. ಸಾಮಾನ್ಯವಾದ ಕೋಣೆಯ ಒಂದು ಗೋಡೆಯ ಬಹುಭಾಗವನ್ನು ಆ ಗಾಡಿಯೊಂದೇ ಆಕ್ರಮಿಸಿಬಿಡುತ್ತದೆ.

ಆದುದರಿಂದ ಆಯ್ಕೆ ಅನಿವಾರ್ಯ. ಮಹಾಕಾವ್ಯದಲ್ಲಿ ಅಷ್ಟಾದಶವರ್ಣನೆಗಳಿಗೆ ಎಡೆಯುಂಟು. ಕಿರುಗಾವ್ಯವನ್ನು ಬರೆಯುವ ಕವಿ ಎರಡನ್ನೋ ಮೂರನ್ನೋ ಆರಿಸಿ, ಅವುಗಳಿಂದಲೇ ಉಳಿದವನ್ನು ಸೂಚಿಸುತ್ತಾನೆ. ಮಾದರಿಕಾರನೂ ಹಾಗೆಯೇ ಒಂದು ನಿಲ್ದಾಣ, ಒಂದು ಸೇತುವೆ, ಒಂದು ಸುರಂಗದ ಬಾಯಿ ಇಷ್ಟನ್ನು ಆರಿಸಿಕೊಳ್ಳುತ್ತಾನೆ. ಹತ್ತು ಬೋಗಿಗಳ ಬದಲಿಗೆ ನಾಲ್ಕನ್ನು ಓಡಿಸುತ್ತಾನೆ. ನಿಲ್ದಾಣದ ಉದ್ದವನ್ನು ಕುಗ್ಗಿಸಿದರೂ ಅದರ ಹೆಂಚಿನ ಮಾಡು, ನೀರಿನ ಕಂಬ, ಬೇವಿನ ಮರ ಇವುಗಳ ಪರಸ್ಪರ ಸ್ಥಾನವನ್ನು ಬದಲಿಸುವುದಿಲ್ಲ.

ತಿರುವುಗಳ ವಿಷಯದಲ್ಲಿ ಮರೆಯೇ ಉಪಾಯ. ಭಾರತದ ಬ್ರಾಡ್‌ಗೇಜಿನಲ್ಲಿ ಅತ್ಯಂತ ಕಡಿದಾದ ತಿರುವಿನ ತ್ರಿಜ್ಯ ೧೭೫ ಮೀಟರ್. ಮಾದರಿಯಲ್ಲಿ ಅದು ಎರಡು ಮೀಟರ್ ಆಗುತ್ತದೆ. ಮನೆಗಳಲ್ಲಿ ಬಳಸುವ ೧೮ ಅಂಗುಲ ತ್ರಿಜ್ಯದ ತಿರುವಾದರೋ ನಿಜದ ಲೆಕ್ಕದಲ್ಲಿ ೪೦ ಮೀಟರ್ ಮಾತ್ರ. ಅಂತಹ ತಿರುವಿನಲ್ಲಿ ಉದ್ದನೆಯ ಬೋಗಿಗಳ ಮೂಲೆಗಳು ಹಳಿಯಿಂದಾಚೆಗೆ ಚಾಚಿ ವಿಕಾರವಾಗಿ ಕಾಣುತ್ತವೆ. ಕಡಿದಾದ ತಿರುವುಗಳನ್ನು ಗುಡ್ಡದ ಹಿಂದೆ, ಸುರಂಗದ ಒಳಗೆ ಅಡಗಿಸಿ, ಕಣ್ಣಿಗೆ ಬೀಳುವ ತಿರುವನ್ನು ವಿಶಾಲವಾಗಿ ಇಡುವುದು ಅನುಭವಿಗಳ ಮಾರ್ಗ.

ಚೌಕಟ್ಟು ಮತ್ತು ಹಳಿ

ಹೊಸಬರು ಸಾಮಾನ್ಯವಾಗಿ ಮೇಜಿನಂತಹ ಸಮತಟ್ಟಾದ ಹಲಗೆಯ ಮೇಲೆ ಹಳಿಯನ್ನು ಹಾಸುತ್ತಾರೆ. ಅದರಿಂದ ಎರಡು ಕೇಡುಗಳುಂಟು. ಹಲಗೆ ತೆಳುವಾಗಿದ್ದರೆ ಮಳೆಗಾಲದ ತೇವಕ್ಕೆ ಬಾಗುತ್ತದೆ. ಅಲ್ಲದೆ ಅಲ್ಲಿ ಭೂಮಿಯು ಹಳಿಯಿಂದ ಮೇಲಕ್ಕೆ ಮಾತ್ರ ಏರಬಲ್ಲದು; ಕೆಳಕ್ಕೆ ಇಳಿಯಲಾರದು. ಹೊಳೆ ಹರಿಯಬೇಕಾದ ಎಡೆಯಲ್ಲಿ ಹಲಗೆ ಅಡ್ಡ ಬರುತ್ತದೆ. ಇದಕ್ಕೆ ಪರಿಹಾರವಾಗಿ ‘ಮಾಡೆಲ್ ರೈಲ್‌ರೋಡರ್’ ಎಂಬ ಅಮೆರಿಕದ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು ೧೯೬೦ರ ದಶಕದಲ್ಲಿ ಒಂದು ಚೌಕಟ್ಟನ್ನು ರೂಪಿಸಿದರು. ಎರಡು ಪಟ್ಟಿಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಜೋಡಿಸಿದ ತೊಲೆಗಳು, ಅವುಗಳ ಮೇಲೆ ಅಡ್ಡಪಟ್ಟಿಗಳು, ಅಡ್ಡಪಟ್ಟಿಗಳಿಂದ ಮೇಲಕ್ಕೆದ್ದ ಊರೆಗಂಬಗಳು, ಕಂಬಗಳ ತಲೆಯ ಮೇಲೆ ಹಳಿಯನ್ನು ಹೊರುವ ಕಿರಿದಾದ ಪ್ಲೈವುಡ್ ಹಾದಿ—ಇದು ಅದರ ಸ್ವರೂಪ. ತಿರುಪುಮೊಳೆಗಳೆಲ್ಲ ಕೆಳಗಿನಿಂದಲೇ ಬಿಗಿದಿರುತ್ತವೆ. ಮೇಲೆ ಬೆಟ್ಟಗುಡ್ಡಗಳು ಕಟ್ಟಿ ಮುಗಿದ ಬಳಿಕವೂ ಕಂಬವೊಂದನ್ನು ಬೇಕಾದರೆ ಕೆಳಗಿನಿಂದ ಬಿಚ್ಚಿ ಸರಿಸಬಹುದು. ಮುಂದೆ ತಿದ್ದಬೇಕಾಗಿ ಬಂದೀತೆಂಬ ದೂರದೃಷ್ಟಿ ಈ ರಚನೆಯ ಗುಣ.

ಹಲಗೆಯ ಅಗಲವನ್ನು ಕೈ ಚಾಚಿದಾಗ ಎಟುಕುವಷ್ಟಕ್ಕೆ, ಎಂದರೆ ಎರಡೂವರೆ ಅಡಿಗೆ ಮಿತಗೊಳಿಸುವುದು ಲೇಸು. ಎಟುಕದ ಮೂಲೆಯಲ್ಲಿ ಹಳಿ ತಪ್ಪಿದ ಗಾಡಿಯನ್ನು ಎತ್ತಲು ಹೋಗಿ, ಮುಂದಿನ ಊರನ್ನೇ ಮೊಣಕೈಯಿಂದ ಕೆಡವುವ ಪ್ರಸಂಗ ಬರಬಾರದು.

ಏರಿನ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಒಂದು ಹಳಿಯ ಮೇಲೆ ಇನ್ನೊಂದು ಹಳಿ ಸೇತುವೆಯಿಂದ ಹಾಯಬೇಕಾದರೆ ಸುಮಾರು ೭೫ ಮಿಲಿಮೀಟರ್ ಎತ್ತರ ಬೇಕು. ಸಕಲೇಶಪುರದ ಘಟ್ಟದಲ್ಲಿರುವಂತೆ ಐವತ್ತಕ್ಕೆ ಒಂದರ ಏರನ್ನು ಇಟ್ಟರೆ, ಆ ಎತ್ತರವನ್ನು ಮುಟ್ಟಲು ೩.೭೫ ಮೀಟರ್ ಉದ್ದದ ಹಳಿ ಬೇಕಾಗುತ್ತದೆ. ಈ ಗಣಿತವನ್ನು ಕಡೆಗಣಿಸಿ ಏರನ್ನು ಕಡಿದಾಗಿಸಿದರೆ ಎಂಜಿನ್ನು ನಡುದಾರಿಯಲ್ಲಿ ನಿಂತು ಚಕ್ರಗಳನ್ನು ಸುಮ್ಮನೆ ತಿರುಗಿಸುತ್ತದೆ.

ವಿದ್ಯುತ್ತು

ಎರಡು ಹಳಿಗಳೇ ಎರಡು ತಂತಿಗಳು. ೧೨ ವೋಲ್ಟಿನ ನೇರ ವಿದ್ಯುತ್ತು ಒಂದರಿಂದ ಚಕ್ರದ ಮೂಲಕ ಮೋಟರನ್ನು ಹೊಕ್ಕು ಇನ್ನೊಂದರಿಂದ ಹಿಂತಿರುಗುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಮ್ಮುಖವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಎರಡು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ನಡೆಸಬೇಕಾದರೆ, ಹಳಿಯನ್ನು ಪರಸ್ಪರ ಸಂಪರ್ಕವಿಲ್ಲದ ಭಾಗಗಳಾಗಿ ಕಡಿದು, ಒಂದೊಂದು ಭಾಗಕ್ಕೂ ಸ್ವಿಚ್ಚನ್ನು ಇಡಬೇಕಾಗಿತ್ತು. ೧೯೯೦ರ ದಶಕದಿಂದೀಚೆಗೆ ಡಿಜಿಟಲ್ ಪದ್ಧತಿ ಹಬ್ಬಿದೆ. ಇದರಲ್ಲಿ ಹಳಿಗೆಲ್ಲ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಪ್ರತಿಯೊಂದು ಎಂಜಿನ್ನಿನಲ್ಲಿಯೂ ಅದರದೇ ಆದ ಸಂಖ್ಯೆಯನ್ನು ಹೊತ್ತ ಪುಟ್ಟ ಸಾಧನವಿದ್ದು, ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಪದ್ಧತಿ ಯಾವುದಾದರೂ ಒಂದು ಮಾತು ಸಮಾನ: ಹಳಿಗಳ ಕೀಲುಗಳನ್ನು ನಂಬಬಾರದು. ಕೀಲು ಕ್ರಮೇಣ ಸಡಿಲವಾಗಿ ಮಾಸುತ್ತದೆ. ಪ್ರತಿಯೊಂದು ತುಂಡು ಹಳಿಗೂ ಕೆಳಗಿನಿಂದ ಪ್ರತ್ಯೇಕವಾದ ತಂತಿಯನ್ನು ಬೆಸುಗೆ ಹಾಕಿದ ಮಾರ್ಗವು ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ.

ನಿಸರ್ಗದ ಅನುಕರಣ

ತಂತಿಬಲೆಯನ್ನೋ ರಟ್ಟಿನ ಪಟ್ಟಿಗಳನ್ನೋ ಗುಡ್ಡದಾಕಾರಕ್ಕೆ ಬಗ್ಗಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿದರೆ ಗಟ್ಟಿಯಾದ ಚಿಪ್ಪು ಸಿದ್ಧವಾಗುತ್ತದೆ. ಹಳಿಯ ನಡುವೆ ಸಣ್ಣ ಜಲ್ಲಿಯನ್ನು ಹರಡಿ, ಸಾಬೂನಿನ ನೀರಿನಿಂದ ನೆನೆಸಿ, ನೀರು ಬೆರೆಸಿದ ಬಿಳಿಯ ಅಂಟನ್ನು ಹನಿಸಿದರೆ ಅದು ಭದ್ರವಾಗಿ ಕೂರುತ್ತದೆ. ಸಾಬೂನು ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮುತ್ತಿನಂತೆ ಮೇಲೆಯೇ ನಿಲ್ಲುತ್ತದೆ. ಇವು ಕೈಗೆ ಬೇಗನೆ ಬರುವ ಕೆಲಸಗಳು. ಕಣ್ಣಿಗೆ ಅಭ್ಯಾಸವಾಗುವುದು ತಡ.

ಜಾನ್ ಆಲನ್ ಅವರ ಹಿರಿಮೆ ಇಲ್ಲಿಯೇ ಕಾಣುತ್ತದೆ. ಅವರ ಕಾಲದಲ್ಲಿ ಮಾದರಿ ಗಾಡಿಗಳು ಅಂಗಡಿಯಿಂದ ತಂದ ಹೊಸ ಪಾತ್ರೆಗಳಂತೆ ಹೊಳೆಯುತ್ತಿದ್ದವು. ನಿಜವಾದ ಗಾಡಿಯ ಮೇಲೆ ಮಸಿ, ಧೂಳು, ತುಕ್ಕು, ಮಳೆನೀರಿನ ಗೆರೆ ಇರುವುದನ್ನು ಅವರು ಗಮನಿಸಿ, ತಮ್ಮ ಗಾಡಿಗಳಿಗೂ ಕಟ್ಟಡಗಳಿಗೂ ಅವನ್ನೆಲ್ಲ ಬಣ್ಣದಿಂದ ತಂದರು. ನೆಲದಿಂದ ಚಾವಣಿಯವರೆಗೆ ಬೆಟ್ಟಗಳನ್ನು ಎಬ್ಬಿಸಿದರು. ಕನ್ನಡಿಗಳನ್ನು ಮರೆಯಲ್ಲಿಟ್ಟು ಕೋಣೆಯನ್ನು ಇಮ್ಮಡಿಯಾಗಿ ತೋರಿಸಿದರು. ತಮ್ಮ ಮಾರ್ಗಕ್ಕೆ ‘ಗೋರ್ ಅಂಡ್ ಡ್ಯಾಫೆಟಿಡ್’ ಎಂಬಂತೆ ಬರೆಯುವ ಹೆಸರನ್ನಿಟ್ಟರು. ಅದನ್ನು ಓದಬೇಕಾದುದು ‘ಗೋರಿ ಅಂಡ್ ಡಿಫೀಟೆಡ್’ ಎಂದು. ರಕ್ತಸಿಕ್ತವಾಗಿ ಸೋತದ್ದೆಂಬ ಶ್ಲೇಷೆ ಅದರಲ್ಲಿದೆ. ಅಲ್ಲಿ ಹದಿಮೂರನೆಯ ನಂಬರಿನ ಎಂಜಿನ್ನಾಗಿ ವ್ಯಾಗನ್ನುಗಳನ್ನು ಎಳೆಯಲು ಸ್ಟೆಗೊಸಾರಸ್ ಎಂಬ ಪ್ರಾಚೀನ ಪ್ರಾಣಿಯ ಬೊಂಬೆಯೊಂದಿತ್ತು. ಗಂಭೀರವಾದ ಸಾಧನೆಯೊಡನೆ ಹಾಸ್ಯವೂ ಹೊಂದಿಕೊಂಡಿರಬಹುದೆಂಬುದಕ್ಕೆ ಇದು ನಿದರ್ಶನ.

ನಡೆಸುವ ಕ್ರಮ

ಕಟ್ಟಿದ ಮಾರ್ಗವನ್ನು ಹೇಗೆ ನಡೆಸಬೇಕೆಂಬುದೂ ಒಂದು ಶಾಸ್ತ್ರ. ಆಲನ್ ಅವರ ಮನೆಯಲ್ಲಿ ಗೆಳೆಯರು ನಿಯತವಾಗಿ ಸೇರಿ, ವೇಗವಾಗಿ ಓಡುವ ಗಡಿಯಾರವೊಂದನ್ನು ನೋಡಿಕೊಂಡು, ವೇಳಾಪಟ್ಟಿಗನುಸಾರವಾಗಿ ಗಾಡಿಗಳನ್ನು ನಡೆಸುತ್ತಿದ್ದರು. ಕೇವಲ ಐದು ಪಾಯಿಂಟ್ಸ್‌ಗಳುಳ್ಳ ಪುಟ್ಟ ಹಲಗೆಯ ಮೇಲೆ ವ್ಯಾಗನ್ನುಗಳನ್ನು ಷಂಟಿಂಗ್ ಮಾಡಿ ಗೊತ್ತಾದ ಎಡೆಗೆ ಸೇರಿಸುವ ‘ಟೈಮ್‌ಸೇವರ್’ ಎಂಬ ಒಗಟನ್ನೂ ಅವರು ಕಲ್ಪಿಸಿದರು. ಕೋಣೆಯಿಲ್ಲದವರೂ ಈ ವಿದ್ಯೆಯ ಸ್ವಾರಸ್ಯವನ್ನು ಸವಿಯಲು ಅದು ಇಂದಿಗೂ ಸಾಧನವಾಗಿದೆ.

ಪೀಟರ್ ಡೆನಿಯವರು ಇಂಗ್ಲೆಂಡಿನ ಗ್ರೇಟ್ ಸೆಂಟ್ರಲ್ ರೈಲ್ವೆಯು ಬಕಿಂಗ್‌ಹ್ಯಾಮ್ ಪಟ್ಟಣಕ್ಕೆ ಒಂದು ಶಾಖೆಯನ್ನು ಹಾಕಿತ್ತೆಂದು ಕಲ್ಪಿಸಿಕೊಂಡು, ೧೯೦೭ರ ಕಾಲವನ್ನು ತಮ್ಮ ಮಾದರಿಯಲ್ಲಿ ನಿಲ್ಲಿಸಿದರು. ಗಾಡಿಗಳು ನಿಲ್ದಾಣದಿಂದ ಹೊರಟು ಮರೆಯಾಗಿ, ಹೊರಲೋಕಕ್ಕೆ ಹೋದಂತೆ ತೋರಿ, ಮತ್ತೆ ಹೊಸ ಗಾಡಿಗಳಾಗಿ ಬರಲು ಮರೆಯಲ್ಲೊಂದು ಹಳಿಗಳ ಅಂಗಳ ಬೇಕು. ‘ಫಿಡ್ಲ್ ಯಾರ್ಡ್’ ಎನ್ನುವ ಈ ನೇಪಥ್ಯವನ್ನು ಹವ್ಯಾಸಿಗಳಲ್ಲಿ ಬಳಕೆಗೆ ತಂದವರಲ್ಲಿ ಡೆನಿಯವರು ಪ್ರಮುಖರು. ಮಾರ್ಗದ ದೂರದ ತುದಿಯಲ್ಲಿ ಗಾಡಿಗಳನ್ನು ತಾನಾಗಿಯೇ ನಡೆಸುವ ಯಂತ್ರವೊಂದನ್ನು ಅವರು ನಿರ್ಮಿಸಿ, ಅದಕ್ಕೆ ತಮ್ಮ ಮಗನ ಹೆಸರನ್ನೇ ಇಟ್ಟು ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದು ಕರೆದರು.

ಪರಿಷ್ಕರಣ

ಮಾರ್ಗವನ್ನು ಉತ್ತಮಪಡಿಸುವುದೆಂದರೆ ಅದನ್ನು ದೊಡ್ಡದು ಮಾಡುವುದೆಂದು ಹಲವರ ಭಾವನೆ. ಹತ್ತು ಊರುಗಳನ್ನು ಆರಂಭಿಸಿ ಒಂದನ್ನೂ ಮುಗಿಸದವರು ಬಹಳ. ಬಲ್ಲವರು ಒಂದು ಮೂಲೆಯನ್ನು ಪೂರ್ಣವಾಗಿ ಮುಗಿಸಿ, ಅಲ್ಲಿ ಗಾಡಿಯನ್ನು ನೂರು ಸಲ ಓಡಿಸಿ, ದೋಷಗಳನ್ನು ಹುಡುಕಿ ತಿದ್ದಿ, ಆಮೇಲೆ ಮುಂದಿನ ಮೂಲೆಗೆ ಹೋಗುತ್ತಾರೆ.

ದೋಷಗಳನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಗಾಡಿ ಹಳಿ ತಪ್ಪಿದ ಎಡೆಯನ್ನೂ ತಪ್ಪಿದ ಗಾಡಿಯ ನಂಬರನ್ನೂ ಪುಸ್ತಕವೊಂದರಲ್ಲಿ ಬರೆದಿಡಬೇಕು. ಒಂದೇ ಎಡೆಯಲ್ಲಿ ಹಲವು ಗಾಡಿಗಳು ತಪ್ಪಿದರೆ ದೋಷ ಹಳಿಯದು. ಒಂದೇ ಗಾಡಿ ಹಲವು ಎಡೆಗಳಲ್ಲಿ ತಪ್ಪಿದರೆ ದೋಷ ಗಾಡಿಯದು. ಗಾಡಿಯ ದೋಷವಾದರೆ ಚಕ್ರಗಳ ನಡುವಣ ಅಂತರವನ್ನು ಅಳೆಯಬೇಕು. ಬಳಿಕ ತೂಕವನ್ನು ನೋಡಬೇಕು. ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ಎಚ್.ಓ. ಪ್ರಮಾಣದ ಗಾಡಿಗೆ ಮೂಲವಾಗಿ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿಯೊಂದು ಅಂಗುಲಕ್ಕೂ ಅರ್ಧ ಔನ್ಸ್ ತೂಕವಿರಬೇಕೆಂದು ಸೂಚಿಸಿದೆ. ಎಂಟು ಅಂಗುಲದ ಗಾಡಿ ಐದು ಔನ್ಸ್, ಎಂದರೆ ಸುಮಾರು ೧೪೦ ಗ್ರಾಂ ತೂಗಬೇಕಾಯಿತು. ಹಗುರವಾದ ಗಾಡಿಯೊಳಗೆ ಒಂದು ತುಂಡು ಸೀಸವನ್ನಿಟ್ಟರೆ ಅನೇಕ ತೊಂದರೆಗಳು ತಾವಾಗಿಯೇ ಮಾಯವಾಗುತ್ತವೆ.

ರೂಪದ ದೋಷಗಳನ್ನು ಕಾಣಲು ಕ್ಯಾಮೆರಾ ಒಳ್ಳೆಯ ವಿಮರ್ಶಕ. ಕಟ್ಟಿದವನ ಕಣ್ಣು ತನ್ನ ಕೃತಿಯ ಕೊರತೆಯನ್ನು ಪ್ರೀತಿಯಿಂದ ಮುಚ್ಚಿಬಿಡುತ್ತದೆ. ಕ್ಯಾಮೆರಾವನ್ನು ಪುಟ್ಟ ಮನುಷ್ಯನ ಕಣ್ಣಿನ ಮಟ್ಟಕ್ಕೆ ಇಳಿಸಿ ಚಿತ್ರ ತೆಗೆದರೆ, ಗೋಡೆಗೂ ನೆಲಕ್ಕೂ ನಡುವಣ ಬಿರುಕು, ಓರೆಯಾದ ಕಂಬ, ಬೇರಿಲ್ಲದೆ ನಿಂತ ಮರ ಎಲ್ಲವೂ ಬಯಲಾಗುತ್ತವೆ. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಆಲನ್ ಅವರು ಕ್ಯಾಮೆರಾದ ಕಂಡಿಯನ್ನು ಅತ್ಯಂತ ಕಿರಿದಾಗಿಸಿ, ಹತ್ತಿರದ ಹಳಿಯಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುವಂತೆ ಚಿತ್ರಗಳನ್ನು ತೆಗೆದರು. ಆ ಚಿತ್ರಗಳೂ ಲೇಖನಗಳೂ ಪತ್ರಿಕೆಗಳಲ್ಲಿ ಅಚ್ಚಾಗಿ ಒಂದು ತಲೆಮಾರಿನ ಹವ್ಯಾಸಿಗಳಿಗೆ ಪಾಠವಾದವು.

ಹಳೆಯದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಈ ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರು. ಡೆನಿಯವರು ತೃಪ್ತಿಯಾಗದ ನಿಲ್ದಾಣವನ್ನು ಒಂದಕ್ಕಿಂತ ಹೆಚ್ಚು ಸಲ ಕಿತ್ತು ಮತ್ತೆ ಕಟ್ಟಿದರು. ಆಲನ್ ಅವರು ೧೯೪೬ರಲ್ಲಿ ಆರಂಭಿಸಿದ ಮೊದಲನೆಯ ಮಾರ್ಗ ಸುಮಾರು ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದದ್ದು. ೧೯೫೦ರ ದಶಕದಲ್ಲಿ ಹೊಸ ಮನೆಯ ನೆಲಮಾಳಿಗೆಯಲ್ಲಿ ಮೂರನೆಯ ಮಾರ್ಗವನ್ನು ಹೂಡಿದಾಗ, ಆ ಮೊದಲನೆಯದನ್ನು ಎಸೆಯದೆ, ಹೊಸ ಬೆಟ್ಟಗಳ ನಡುವೆ ಅದನ್ನು ಹಾಗೆಯೇ ಸೇರಿಸಿಕೊಂಡರು. ಕಿತ್ತು ಕಟ್ಟುವುದೂ ಸರಿ, ಒಳಗೊಳ್ಳುವುದೂ ಸರಿ. ಹಳೆಯ ಭಾಗವು ಹೊಸ ಭಾಗದ ಪಕ್ಕದಲ್ಲಿ ನಿಲ್ಲಬಲ್ಲುದೇ ಎಂಬುದನ್ನು ಕಟ್ಟಿದವನು ನಿರ್ದಾಕ್ಷಿಣ್ಯವಾಗಿ ನೋಡಬೇಕು, ಅಷ್ಟೇ.

ಆಲನ್ ಅವರು ಬಾಲ್ಯದಲ್ಲಿ ತಗುಲಿದ ಜ್ವರದಿಂದ ದುರ್ಬಲವಾದ ಹೃದಯವನ್ನು ಹೊತ್ತು ಬಾಳಿದವರು. ೧೯೭೩ರ ಜನವರಿ ೬ರಂದು ಹೃದಯಾಘಾತದಿಂದ ತೀರಿಕೊಂಡರು. ಹತ್ತು ದಿನಗಳ ತರುವಾಯ ಆ ಮನೆಗೆ ಬೆಂಕಿ ಬಿದ್ದು, ಇಪ್ಪತ್ತಾರು ವರ್ಷಗಳ ದುಡಿಮೆಯ ಫಲ ನಾಶವಾಯಿತು. ಬೆಟ್ಟಗಳ ನಡುವೆ ಉಳಿದು ಬಂದಿದ್ದ ಆ ಮೊದಲನೆಯ ಪುಟ್ಟ ಮಾರ್ಗವೂ ಅದರೊಡನೆ ಹೋಯಿತು. ಕಟ್ಟಿದ್ದು ಉಳಿಯಲಿಲ್ಲ. ಆದರೆ ಕಟ್ಟಿದ ಬಗೆಯನ್ನು ಅವರು ಬಚ್ಚಿಟ್ಟಿರಲಿಲ್ಲ. ಬಂದವರಿಗೆ ತೋರಿಸಿದ್ದರು, ಪತ್ರಿಕೆಗಳಿಗೆ ಬರೆದಿದ್ದರು, ಚಿತ್ರ ತೆಗೆದಿಟ್ಟಿದ್ದರು. ಅವನ್ನೆಲ್ಲ ಆಧರಿಸಿ ಲಿನ್ ವೆಸ್ಟ್‌ಕಾಟ್ ಅವರು ರಚಿಸಿದ ಗ್ರಂಥವು, ಅವರೂ ಗತಿಸಿದ ಮೇಲೆ, ೧೯೮೧ರಲ್ಲಿ ಪ್ರಕಟವಾಯಿತು.

ಡೆನಿಯವರ ಬಕಿಂಗ್‌ಹ್ಯಾಮ್ ಶಾಖೆಗೆ ಬೇರೊಂದು ಭಾಗ್ಯ ಒದಗಿತು. ಅದು ಇನ್ನೊಬ್ಬ ಹವ್ಯಾಸಿಯ ಮನೆಯನ್ನು ಸೇರಿ, ಕಟ್ಟಿದವರು ಹೋದ ಬಳಿಕವೂ ಓಡಿತು. ಹಾಗೆ ಓಡಿಸಬೇಕಾದರೆ ತಂತಿಗಳ ಹಾದಿಯನ್ನು ತಿಳಿದು, ಮಾಸಿದ ಹಳಿಯನ್ನು ಉಜ್ಜಿ, ಸವೆದ ಭಾಗಗಳನ್ನು ಬದಲಿಸುವ ಒಬ್ಬನು ಮುಂದೆ ಬರಬೇಕು. ಮನೆಯಲ್ಲಿ ಮಾರ್ಗವನ್ನು ಕಟ್ಟುವವರು ಪ್ರತಿಯೊಂದು ತಂತಿಗೂ ಚೀಟಿಯೊಂದನ್ನು ಅಂಟಿಸಿ, ನಕ್ಷೆಯೊಂದನ್ನು ಬರೆದಿಟ್ಟು, ಪಕ್ಕದ ಮನೆಯ ಹುಡುಗನನ್ನು ಕರೆದು ಬೆಸುಗೆಕೋಲನ್ನು ಅವನ ಕೈಗೆ ಕೊಟ್ಟು ಕಲಿಸುವುದು ಈ ಕಾರಣದಿಂದ ಯುಕ್ತವಾಗಿದೆ. ಮಾರ್ಗದ ಪರಿಷ್ಕರಣಗಳಲ್ಲಿ ಇದನ್ನೂ ಒಂದಾಗಿ ಎಣಿಸಬೇಕು.